ಚಯಾಪಚಯ ಚಿತ್ರಣದಿಂದ ರೋಗನಿರ್ಣಯ

ಚಯಾಪಚಯ ಚಿತ್ರಣ ಎಂಬುದು ರಕ್ತ, ಮೂತ್ರ, ಉಸಿರು ಮೊದಲಾದ ದೇಹದ ಮಾದರಿಗಳಲ್ಲಿರುವ ಅನೇಕ ಸಣ್ಣ ಅಣುಗಳನ್ನು ಏಕಕಾಲದಲ್ಲಿ ಅಳೆದು, ಅವುಗಳ ಪ್ರಮಾಣದಲ್ಲಿ ಕಂಡುಬರುವ ಏರುಪೇರಿನ ವಿನ್ಯಾಸದಿಂದ ದೇಹದ ಸ್ಥಿತಿಯನ್ನು ಅರಿಯುವ ವಿಧಾನ. ಸಕ್ಕರೆ, ಅಮೈನೊ ಆಮ್ಲ, ಸಾವಯವ ಆಮ್ಲ, ಕೊಬ್ಬಿನ ಆಮ್ಲ ಮುಂತಾದ ಈ ಅಣುಗಳನ್ನು ಮೆಟಬೊಲೈಟ್‌ಗಳೆಂದು ಕರೆಯುತ್ತಾರೆ. ಈ ವಿಧಾನವು ವೈದ್ಯಕೀಯದಲ್ಲಿ ಅತ್ಯಂತ ದೃಢವಾಗಿ ನೆಲೆಗೊಂಡಿರುವುದು ನವಜಾತ ಶಿಶುಗಳ ಜನ್ಮಜಾತ ಚಯಾಪಚಯ ದೋಷಗಳ ಪತ್ತೆಯಲ್ಲಿ. ಮಧುಮೇಹ, ಹೃದ್ರೋಗ, ಕ್ಯಾನ್ಸರ್ ಮೊದಲಾದ ರೋಗಗಳಲ್ಲಿ ಇದರ ಬಳಕೆ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿದೆ. ಭಾರತದಲ್ಲಿ ನವಜಾತ ಶಿಶುಗಳ ಇಂತಹ ಸಾಮೂಹಿಕ ತಪಾಸಣೆಯ ಮೊದಲ ದೊಡ್ಡ ಪ್ರಯತ್ನವು 1980ರಲ್ಲಿ ಕರ್ನಾಟಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದ ಆಶ್ರಯದಲ್ಲಿ ಆರಂಭವಾಯಿತು.

ತತ್ತ್ವ

ನಾವು ಸೇವಿಸಿದ ಆಹಾರವು ದೇಹದಲ್ಲಿ ಹಂತಹಂತವಾಗಿ ಮಾರ್ಪಡುತ್ತದೆ. ಪ್ರತಿಯೊಂದು ಹಂತವನ್ನೂ ಒಂದು ನಿರ್ದಿಷ್ಟ ಕಿಣ್ವವು ನಡೆಸಿಕೊಡುತ್ತದೆ. ಇದನ್ನು ಕೆರೆಯ ಕಾಲುವೆಗೆ ಹೋಲಿಸಬಹುದು. ಕಾಲುವೆಯ ನಡುವಿನ ಒಂದು ತೂಬು ಮುಚ್ಚಿಹೋದರೆ ಮೂರು ಪರಿಣಾಮಗಳು ತೋರುತ್ತವೆ: ತೂಬಿನ ಮೇಲ್ಭಾಗದಲ್ಲಿ ನೀರು ಏರುತ್ತದೆ, ಕೆಳಭಾಗದ ಗದ್ದೆ ಒಣಗುತ್ತದೆ, ಏರಿದ ನೀರು ಏರಿಯನ್ನು ಒಡೆದು ಪಕ್ಕಕ್ಕೆ ನುಗ್ಗುತ್ತದೆ. ಕಿಣ್ವವೊಂದು ಕೆಲಸ ಮಾಡದಿದ್ದಾಗ ದೇಹದಲ್ಲಿ ಆಗುವುದೂ ಇದೇ. ಮಾರ್ಪಡಬೇಕಾದ ವಸ್ತು ಶೇಖರವಾಗುತ್ತದೆ, ಆಗಬೇಕಾದ ವಸ್ತು ಕಡಿಮೆಯಾಗುತ್ತದೆ, ಸಾಮಾನ್ಯವಾಗಿ ಇರಬಾರದ ಮೂರನೆಯ ವಸ್ತುವೊಂದು ರಕ್ತದಲ್ಲೋ ಮೂತ್ರದಲ್ಲೋ ಕಾಣಿಸಿಕೊಳ್ಳುತ್ತದೆ.

ಫಿನೈಲ್‌ಕೀಟೊನ್ಯೂರಿಯ ಎಂಬ ರೋಗ ಇದಕ್ಕೆ ಒಳ್ಳೆಯ ಉದಾಹರಣೆ. ಇದರಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೊ ಆಮ್ಲವನ್ನು ಟೈರೋಸೀನ್ ಆಗಿ ಮಾರ್ಪಡಿಸುವ ಕಿಣ್ವದ ಕೊರತೆ ಇರುತ್ತದೆ. ಆದ್ದರಿಂದ ರಕ್ತದಲ್ಲಿ ಫಿನೈಲ್‌ಅಲನೀನ್ ಏರುತ್ತದೆ, ಟೈರೋಸೀನ್ ಇಳಿಯುತ್ತದೆ, ಮೂತ್ರದಲ್ಲಿ ಫಿನೈಲ್‌ಕೀಟೋನುಗಳು ವಿಸರ್ಜನೆಯಾಗುತ್ತವೆ. ಏರಿದ ಫಿನೈಲ್‌ಅಲನೀನ್ ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ. ಈ ಮೂರರಲ್ಲಿ ಯಾವುದಾದರೂ ಒಂದನ್ನು ಮಾತ್ರ ಅಳೆದರೆ ತೀರ್ಮಾನ ತಪ್ಪಬಹುದು. ಅವಧಿಗೆ ಮುನ್ನ ಹುಟ್ಟಿದ ಅಥವಾ ಯಕೃತ್ತಿನ ತೊಂದರೆಯಿರುವ ಶಿಶುವಿನಲ್ಲಿಯೂ ಫಿನೈಲ್‌ಅಲನೀನ್ ತಾತ್ಕಾಲಿಕವಾಗಿ ಏರಬಹುದು. ಆದರೆ ಎರಡು ಅಮೈನೊ ಆಮ್ಲಗಳ ಅನುಪಾತವನ್ನು ನೋಡಿದಾಗ ನಿಜವಾದ ರೋಗ ಹೆಚ್ಚು ಸ್ಪಷ್ಟವಾಗುತ್ತದೆ. ಒಂದು ಅಂಕಿಯ ಬದಲು ಇಡೀ ವಿನ್ಯಾಸವನ್ನು ಓದುವುದೇ ಚಯಾಪಚಯ ಚಿತ್ರಣದ ಮೂಲತತ್ತ್ವ.

ಇತಿಹಾಸ

ದೇಹದ್ರವಗಳ ಗುಣದಿಂದ ರೋಗವನ್ನು ಅರಿಯುವ ಪದ್ಧತಿ ಬಹಳ ಪ್ರಾಚೀನವಾದುದು. ಆಯುರ್ವೇದದ ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಮೂತ್ರಸಂಬಂಧಿಯಾದ ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಲಾಗಿದೆ. ಮಧುಮೇಹ ಎಂಬ ಹೆಸರೇ ಮೂತ್ರದ ಸಿಹಿಯನ್ನು ಸೂಚಿಸುತ್ತದೆ. ಯುರೋಪಿನಲ್ಲಿ 17ನೆಯ ಶತಮಾನದಲ್ಲಿ ಥಾಮಸ್ ವಿಲ್ಲಿಸ್ ಮಧುಮೇಹಿಗಳ ಮೂತ್ರದ ಸಿಹಿಯನ್ನು ಗುರುತಿಸಿದನು. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಆ ಸಿಹಿಗೆ ಸಕ್ಕರೆಯೇ ಕಾರಣವೆಂದು ತೋರಿಸಿದನು.

ಆಧುನಿಕ ಅಧ್ಯಯನದ ಬುನಾದಿಯನ್ನು ಹಾಕಿದವನು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ಆಲ್ಕಾಪ್ಟೊನ್ಯೂರಿಯ ಎಂಬ ಸ್ಥಿತಿಯಲ್ಲಿ ಮೂತ್ರವು ಗಾಳಿಗೆ ತೆರೆದಿಟ್ಟಾಗ ಕಪ್ಪಾಗುತ್ತದೆ. ಇಂತಹ ಮಕ್ಕಳ ತಂದೆತಾಯಿಗಳು ಅನೇಕ ವೇಳೆ ಪರಸ್ಪರ ರಕ್ತಸಂಬಂಧಿಗಳಾಗಿರುವುದನ್ನು ಗಮನಿಸಿದ ಗ್ಯಾರಡ್, 1902ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದು ಮೆಂಡಲನ ನಿಯಮದಂತೆ ಹರಿದುಬರುವ ದುರ್ಬಲ ಗುಣವಿರಬಹುದೆಂದು ಸೂಚಿಸಿದನು. 1908ರ ಉಪನ್ಯಾಸಗಳಲ್ಲಿ ಇಂತಹ ಸ್ಥಿತಿಗಳಿಗೆ ‘ಜನ್ಮಜಾತ ಚಯಾಪಚಯ ದೋಷಗಳು’ ಎಂಬ ಅರ್ಥದ ಹೆಸರನ್ನು ಬಳಸಿದನು.

1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಬುದ್ಧಿಮಾಂದ್ಯವಿದ್ದ ಒಡಹುಟ್ಟಿದ ಇಬ್ಬರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿತು. ಮಕ್ಕಳ ಮೈಯಿಂದ ಬರುತ್ತಿದ್ದ ವಿಚಿತ್ರ ವಾಸನೆಯನ್ನು ಮೊದಲು ಗಮನಿಸಿ, ಕಾರಣವನ್ನು ಹುಡುಕುತ್ತ ವೈದ್ಯರಿಂದ ವೈದ್ಯರಿಗೆ ಅಲೆದವಳು ಅವರ ತಾಯಿ. ಹೀಗೆ ಫಿನೈಲ್‌ಕೀಟೊನ್ಯೂರಿಯ ಪತ್ತೆಯಾಯಿತು. 1953ರಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಫಿನೈಲ್‌ಅಲನೀನ್ ಕಡಿಮೆಯಿರುವ ಆಹಾರದಿಂದ ಈ ರೋಗವನ್ನು ಹತೋಟಿಯಲ್ಲಿಡಬಹುದೆಂದು ವರದಿ ಮಾಡಿದರು. ಆದರೆ ಮಿದುಳಿಗೆ ಹಾನಿಯಾಗುವ ಮೊದಲೇ ಪಥ್ಯ ಆರಂಭವಾಗಬೇಕಿತ್ತು, ಅಂದರೆ ಲಕ್ಷಣ ತೋರುವ ಮೊದಲೇ ರೋಗ ತಿಳಿಯಬೇಕಿತ್ತು. ಈ ತೊಡಕನ್ನು ಬಿಡಿಸಿದವರು ಅಮೆರಿಕದ ರಾಬರ್ಟ್ ಗತ್ರಿ. ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ, ಬ್ಯಾಕ್ಟೀರಿಯಗಳ ಬೆಳವಣಿಗೆಯ ಮೂಲಕ ಫಿನೈಲ್‌ಅಲನೀನ್ ಪ್ರಮಾಣವನ್ನು ಅಂದಾಜು ಮಾಡುವ ವಿಧಾನವನ್ನು ಅವರು 1963ರಲ್ಲಿ ಪ್ರಕಟಿಸಿದರು. ಒಣಗಿದ ರಕ್ತದ ಕಾಗದವನ್ನು ಅಂಚೆಯ ಮೂಲಕ ಕಳುಹಿಸಬಹುದಾದ್ದರಿಂದ ದೂರದ ಊರಿನ ಶಿಶುವಿನ ಪರೀಕ್ಷೆಯೂ ಸಾಧ್ಯವಾಯಿತು.

ಒಂದು ಮಾದರಿಯಲ್ಲಿ ಒಂದೇ ವಸ್ತುವಿನ ಬದಲು ಅನೇಕ ವಸ್ತುಗಳನ್ನು ಅಳೆಯುವ ಯೋಚನೆ ಇದರ ಜೊತೆಜೊತೆಗೇ ಬೆಳೆಯಿತು. ಅಮೆರಿಕದ ರೋಜರ್ ವಿಲಿಯಮ್ಸ್ ಕಾಗದದ ಕ್ರೊಮ್ಯಾಟೋಗ್ರಫಿಯನ್ನು ಬಳಸಿ, ಪ್ರತಿಯೊಬ್ಬ ವ್ಯಕ್ತಿಗೂ ತನ್ನದೇ ಆದ ಚಯಾಪಚಯ ವಿನ್ಯಾಸವಿರುತ್ತದೆಂಬ ವಿಚಾರವನ್ನು 1950ರ ಸುಮಾರಿನಲ್ಲಿ ಮುಂದಿಟ್ಟರು. 1966ರಲ್ಲಿ ಕೇ ತನಾಕಾ ಮತ್ತು ಸಂಗಡಿಗರು ಅನಿಲ ಕ್ರೊಮ್ಯಾಟೋಗ್ರಫಿ ಹಾಗೂ ಮಾಸ್ ಸ್ಪೆಕ್ಟ್ರೋಮೆಟ್ರಿಯ ಜೋಡಿ ಬಳಕೆಯಿಂದ ಐಸೊವಲೆರಿಕ್ ಅಸಿಡೀಮಿಯ ಎಂಬ ಹೊಸ ರೋಗವನ್ನು ಗುರುತಿಸಿದರು. 1971ರಲ್ಲಿ ಹಾರ್ನಿಂಗ್ ದಂಪತಿಗಳು ‘ಚಯಾಪಚಯ ಚಿತ್ರಣ’ ಎಂಬ ಅರ್ಥದ ಪದವನ್ನು ಬಳಕೆಗೆ ತಂದರು. ಅದೇ ವರ್ಷ ಲೈನಸ್ ಪಾಲಿಂಗ್ ಮತ್ತು ಸಹೋದ್ಯೋಗಿಗಳು ಉಸಿರಿನಲ್ಲಿ ಸುಮಾರು 250 ಹಾಗೂ ಮೂತ್ರದ ಆವಿಯಲ್ಲಿ ಸುಮಾರು 280 ವಸ್ತುಗಳನ್ನು ಬೇರ್ಪಡಿಸಿ ತೋರಿಸಿದರು. 1990ರ ದಶಕದಲ್ಲಿ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿಯು ಶಿಶು ತಪಾಸಣೆಗೆ ಬಂದಿತು. ಅದೇ ದಶಕದ ಕೊನೆಯಲ್ಲಿ ದೇಹದ ಒಟ್ಟು ಮೆಟಬೊಲೈಟ್‌ಗಳ ಸಮೂಹಕ್ಕೆ ‘ಮೆಟಬೊಲೋಮ್’ ಎಂಬ ಹೆಸರು ರೂಢಿಗೆ ಬಂದು, ಅದರ ಅಧ್ಯಯನವು ‘ಮೆಟಬೊಲೋಮಿಕ್ಸ್’ ಎನಿಸಿಕೊಂಡಿತು.

ವಿಧಾನಗಳು

ಪರೀಕ್ಷೆಯಲ್ಲಿ ಮುಖ್ಯವಾಗಿ ನಾಲ್ಕು ಹಂತಗಳಿವೆ: ಮಾದರಿಯ ಸಂಗ್ರಹ, ಅಣುಗಳ ಬೇರ್ಪಡಿಕೆ, ಗುರುತಿಸುವಿಕೆ ಮತ್ತು ಅಳತೆ, ಫಲಿತಾಂಶದ ವ್ಯಾಖ್ಯಾನ.

ಮಾದರಿಯ ಸಂಗ್ರಹ: ನವಜಾತ ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ತೆಗೆದ ರಕ್ತವನ್ನು ಸೋಸುಕಾಗದದ ಮೇಲೆ ಗುರುತಿಸಿದ ವೃತ್ತಗಳಲ್ಲಿ ತುಂಬಿ, ನೇರ ಬಿಸಿಲು ತಾಗದಂತೆ ಒಣಗಿಸುತ್ತಾರೆ. ಸಾಮಾನ್ಯವಾಗಿ ಜನನದ 24 ಗಂಟೆಗಳ ನಂತರ, 72 ಗಂಟೆಗಳೊಳಗೆ ಮಾದರಿಯನ್ನು ತೆಗೆಯುತ್ತಾರೆ. ಗರ್ಭದಲ್ಲಿದ್ದಾಗ ಶಿಶುವಿನಲ್ಲಿ ಸೇರಿದ ಹಾನಿಕಾರಕ ವಸ್ತುಗಳನ್ನು ತಾಯಿಯ ದೇಹವು ನಿವಾರಿಸುತ್ತಿರುತ್ತದೆ. ಹುಟ್ಟಿದ ಕೂಡಲೇ ಪರೀಕ್ಷಿಸಿದರೆ ದೋಷ ಮರೆಯಾಗಿರಬಹುದು. ಶಿಶುವು ಹಾಲು ಕುಡಿಯಲಾರಂಭಿಸಿದ ಮೇಲೆಯೇ ಶೇಖರಣೆ ಸ್ಪಷ್ಟವಾಗುತ್ತದೆ.

ಮಾಸ್ ಸ್ಪೆಕ್ಟ್ರೋಮೆಟ್ರಿ: ಈ ಉಪಕರಣವು ಅಣುಗಳಿಗೆ ವಿದ್ಯುದಾವೇಶವನ್ನು ನೀಡಿ, ದ್ರವ್ಯರಾಶಿ ಮತ್ತು ಆವೇಶದ ಅನುಪಾತಕ್ಕೆ ಅನುಗುಣವಾಗಿ ಅವುಗಳನ್ನು ವಿಂಗಡಿಸುತ್ತದೆ. ಟ್ಯಾಂಡೆಮ್ ವಿಧಾನದಲ್ಲಿ ಇಂತಹ ಎರಡು ವಿಂಗಡಣೆಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲನೆಯದು ಅಣುವನ್ನು ಆರಿಸುತ್ತದೆ, ನಡುವೆ ಅದು ತುಂಡಾಗುತ್ತದೆ, ಎರಡನೆಯದು ಆ ತುಂಡುಗಳನ್ನು ತೂಗುತ್ತದೆ. ಒಣಗಿದ ರಕ್ತದ ಕಾಗದದಿಂದ ಕತ್ತರಿಸಿದ ಸುಮಾರು 3 ಮಿಲಿಮೀಟರ್ ವ್ಯಾಸದ ಒಂದು ಬಿಲ್ಲೆಯಿಂದ, ಕೆಲವೇ ನಿಮಿಷಗಳಲ್ಲಿ, ಹತ್ತಾರು ಅಮೈನೊ ಆಮ್ಲಗಳನ್ನೂ ಅಸೈಲ್‌ಕಾರ್ನಿಟೀನ್‌ಗಳನ್ನೂ ಅಳೆಯಬಹುದು. ಅಸೈಲ್‌ಕಾರ್ನಿಟೀನ್‌ಗಳು ಕೊಬ್ಬಿನ ಆಮ್ಲಗಳು ಮತ್ತು ಕೆಲವು ಅಮೈನೊ ಆಮ್ಲಗಳು ಒಡೆಯುವಾಗಿನ ಹಂತಗಳನ್ನು ಸೂಚಿಸುವ ಅಣುಗಳು.

ಅನಿಲ ಕ್ರೊಮ್ಯಾಟೋಗ್ರಫಿ: ಇದರಲ್ಲಿ ಮೂತ್ರದ ಸಾವಯವ ಆಮ್ಲಗಳನ್ನು ಆವಿಯಾಗುವ ರೂಪಕ್ಕೆ ತಂದು, ನೀಳವಾದ ಸೂಕ್ಷ್ಮ ನಳಿಕೆಯ ಮೂಲಕ ಹಾಯಿಸಿ ಬೇರ್ಪಡಿಸುತ್ತಾರೆ. ಶಿಶು ತಪಾಸಣೆಯಲ್ಲಿ ಅನುಮಾನ ಮೂಡಿದಾಗ ರೋಗವನ್ನು ಖಚಿತಪಡಿಸಿಕೊಳ್ಳಲು ಈ ಪರೀಕ್ಷೆ ನೆರವಾಗುತ್ತದೆ.

ಎನ್‌ಎಂಆರ್ ರೋಹಿತ: ಪ್ರಬಲ ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ರೇಡಿಯೊ ಅಲೆಗಳಿಗೆ ತೋರುವ ಪ್ರತಿಕ್ರಿಯೆಯಿಂದ ಅಣುಗಳನ್ನು ಗುರುತಿಸುವ ವಿಧಾನವಿದು. ಮಾದರಿಯು ನಾಶವಾಗದಿರುವುದು ಮತ್ತು ಫಲಿತಾಂಶವನ್ನು ಪುನಃ ಪಡೆಯಬಹುದಾಗಿರುವುದು ಇದರ ಹಿರಿಮೆ. ಅತಿ ಕಡಿಮೆ ಪ್ರಮಾಣದಲ್ಲಿರುವ ಅಣುಗಳನ್ನು ಹಿಡಿಯುವುದರಲ್ಲಿ ಇದು ಮಾಸ್ ಸ್ಪೆಕ್ಟ್ರೋಮೆಟ್ರಿಗಿಂತ ಹಿಂದೆ.

ಪರೀಕ್ಷೆಗಳಲ್ಲಿ ಎರಡು ಬಗೆ. ಮೊದಲೇ ಆರಿಸಿಕೊಂಡ ಅಣುಗಳನ್ನು ಮಾತ್ರ ನಿಖರವಾಗಿ ಅಳೆಯುವುದು ಒಂದು. ಆಸ್ಪತ್ರೆಗಳ ರೋಗನಿರ್ಣಯವು ಬಹುತೇಕ ಈ ಬಗೆಯದು. ಮಾದರಿಯಲ್ಲಿ ಕಾಣುವ ಎಲ್ಲ ಸಂಕೇತಗಳನ್ನೂ ದಾಖಲಿಸಿ, ರೋಗಿಗಳಿಗೂ ಆರೋಗ್ಯವಂತರಿಗೂ ಇರುವ ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರದಿಂದ ಹುಡುಕುವುದು ಇನ್ನೊಂದು. ಇದು ಹೆಚ್ಚಾಗಿ ಸಂಶೋಧನೆಗೆ ಸೇರಿದ್ದು. ಕೆನಡಾದಲ್ಲಿ ಸಿದ್ಧವಾದ ಮಾನವ ಮೆಟಬೊಲೋಮ್ ದತ್ತಸಂಚಯದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ಅಣುಗಳ ನಮೂದುಗಳಿವೆ.

ಕರ್ನಾಟಕದಲ್ಲಿ

ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞ ಎನ್. ಅಪ್ಪಾಜಿ ರಾವ್, ವೈದ್ಯೆ ಎ. ರಾಧಾ ರಮಾದೇವಿ ಮತ್ತು ಸಹೋದ್ಯೋಗಿಗಳು 1980ರಲ್ಲಿ ನವಜಾತ ಶಿಶುಗಳ ಅಮೈನೊ ಆಮ್ಲ ದೋಷಗಳ ತಪಾಸಣೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದರು. ಟ್ಯಾಂಡೆಮ್ ಉಪಕರಣಗಳು ಇಲ್ಲದಿದ್ದ ಆ ಕಾಲದಲ್ಲಿ ಕ್ರೊಮ್ಯಾಟೋಗ್ರಫಿಯಂತಹ ಸರಳ ವಿಧಾನಗಳಿಂದಲೇ ಕೆಲಸ ನಡೆಯಿತು. ಸುಮಾರು ಒಂದು ಲಕ್ಷ ಶಿಶುಗಳ ಪರೀಕ್ಷೆಯ ಫಲಿತಾಂಶವು 1988ರಲ್ಲಿ ಅಂತರರಾಷ್ಟ್ರೀಯ ತಳಿಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಫಿನೈಲ್‌ಕೀಟೊನ್ಯೂರಿಯ, ಮೇಪಲ್ ಸಿರಪ್ ಮೂತ್ರರೋಗ, ಹೋಮೊಸಿಸ್ಟಿನ್ಯೂರಿಯ, ಹೈಪರ್‌ಗ್ಲೈಸಿನೀಮಿಯ ಮೊದಲಾದ ದೋಷಗಳು ಇಲ್ಲಿನ ಮಕ್ಕಳಲ್ಲಿಯೂ ಇವೆಯೆಂಬುದು ಇಂತಹ ತಪಾಸಣೆಯಿಂದ ಸ್ಪಷ್ಟವಾಯಿತು. ಇವು ಪಾಶ್ಚಾತ್ಯ ದೇಶಗಳ ರೋಗಗಳು, ಭಾರತದಲ್ಲಿ ಲೆಕ್ಕಕ್ಕೆ ಬಾರದವು ಎಂಬ ಭಾವನೆಗೆ ಈ ಕೆಲಸವು ಉತ್ತರವಾಯಿತು. ಮುಂದೆ ರಾಧಾ ರಮಾದೇವಿಯವರು ಹೈದರಾಬಾದಿನಲ್ಲಿ ಕೈಗೊಂಡ 18,300 ಶಿಶುಗಳ ವಿಸ್ತೃತ ತಪಾಸಣೆಯ ವರದಿ 2004ರಲ್ಲಿ ಪ್ರಕಟವಾಯಿತು. ಸಾವಿರ ಶಿಶುಗಳಲ್ಲಿ ಸುಮಾರು ಒಂದು ಶಿಶುವಿಗೆ ಯಾವುದಾದರೊಂದು ಜನ್ಮಜಾತ ಚಯಾಪಚಯ ದೋಷವಿರುತ್ತದೆಂದು ಅದು ಅಂದಾಜು ಮಾಡಿತು.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಅಂದರೆ ನಿಮ್ಹಾನ್ಸ್‌ನ, ನರರಸಾಯನಶಾಸ್ತ್ರ ವಿಭಾಗದಲ್ಲಿ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿಯ ಮೂಲಕ ಚಯಾಪಚಯ ದೋಷಗಳ ಪರೀಕ್ಷೆ ನಡೆಯುತ್ತದೆ. ಕಾರಣ ತಿಳಿಯದ ಅಪಸ್ಮಾರ, ಬೆಳವಣಿಗೆಯ ಕುಂಠಿತ, ಪದೇ ಪದೇ ಬರುವ ಪ್ರಜ್ಞಾಹೀನತೆ ಇರುವ ಮಕ್ಕಳಲ್ಲಿ ಈ ಪರೀಕ್ಷೆ ಮಹತ್ತ್ವದ್ದು. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿ ವಂಶಪಾರಂಪರ್ಯ ರೋಗಗಳ ಚಿಕಿತ್ಸೆ ಮತ್ತು ಸಲಹೆಯನ್ನು ನೀಡುತ್ತದೆ.

ಸಂಶೋಧನೆಯ ಕ್ಷೇತ್ರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರದ ಹನುದತ್ತ ಆತ್ರೇಯ ಮತ್ತು ಮಣಿಪಾಲದ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಭ್ರೂಣವನ್ನು ಬೆಳೆಸುವ ದ್ರವದಲ್ಲಿರುವ ಪೈರುವೇಟ್ ಮತ್ತು ಅಲನೀನ್‌ಗಳ ಅನುಪಾತವು, ಯಾವ ಭ್ರೂಣ ಗರ್ಭಕೋಶದಲ್ಲಿ ನೆಲೆಗೊಳ್ಳಬಹುದೆಂಬುದರ ಸೂಚಕವಾಗಬಹುದೇ ಎಂದು ಅದರಲ್ಲಿ ಪರಿಶೀಲಿಸಲಾಯಿತು. ಭ್ರೂಣವನ್ನು ಮುಟ್ಟದೆ, ಅದು ಬಿಟ್ಟ ದ್ರವವನ್ನಷ್ಟೇ ಓದುವುದು ಈ ವಿಧಾನದ ವಿಶೇಷ.

ರಕ್ತಸಂಬಂಧದ ವಿವಾಹ ಮತ್ತು ಚಯಾಪಚಯ ದೋಷಗಳು

ಜನ್ಮಜಾತ ಚಯಾಪಚಯ ದೋಷಗಳಲ್ಲಿ ಹೆಚ್ಚಿನವು ದುರ್ಬಲ ಗುಣಗಳು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನು ಬಂದಾಗ ಮಾತ್ರ ಮಗುವಿನಲ್ಲಿ ರೋಗ ತೋರುತ್ತದೆ. ಒಂದೇ ದೋಷಯುಕ್ತ ಜೀನು ಇರುವವರು ಆರೋಗ್ಯವಾಗಿಯೇ ಇರುತ್ತಾರೆ, ಅವರನ್ನು ವಾಹಕರೆನ್ನುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ರೋಗವಿತ್ತೆಂಬ ಕಾರಣದಿಂದ ಈ ಸಂಭವ ಎರಡನೆಯ ಮಗುವಿಗೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ದಕ್ಷಿಣ ಭಾರತದಲ್ಲಿ ಸೋದರಮಾವ ಅಕ್ಕನ ಮಗಳನ್ನು ವರಿಸುವುದು, ಸೋದರತ್ತೆ ಅಥವಾ ಸೋದರಮಾವನ ಮಕ್ಕಳ ನಡುವೆ ಸಂಬಂಧ ಬೆಳೆಸುವುದು ಹಿಂದಿನಿಂದ ಬಂದ ರೂಢಿ. ಒಂದೇ ಪೂರ್ವಜರಿಂದ ಬಂದ ಒಂದೇ ಜೀನಿನ ಎರಡು ಪ್ರತಿಗಳು ಮಗುವಿನಲ್ಲಿ ಸೇರುವ ಸಂಭವವು ಮೊದಲ ಬಗೆಯಲ್ಲಿ ಎಂಟರಲ್ಲಿ ಒಂದು, ಎರಡನೆಯ ಬಗೆಯಲ್ಲಿ ಹದಿನಾರರಲ್ಲಿ ಒಂದು. ಅಪ್ಪಾಜಿ ರಾವ್, ರಾಧಾ ರಮಾದೇವಿ ಮತ್ತು ವಿದೇಶದ ತಳಿವಿಜ್ಞಾನಿ ಎ. ಎಚ್. ಬಿಟಲ್ಸ್ ಶಿಶು ತಪಾಸಣೆಯ ಸಂದರ್ಭದಲ್ಲಿಯೇ ಈ ಸಂಗತಿಯನ್ನು ಅಭ್ಯಸಿಸಿದರು. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರು ನಗರಗಳ ಒಂದು ಲಕ್ಷಕ್ಕೂ ಹೆಚ್ಚು ವಿವಾಹಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ರಕ್ತಸಂಬಂಧಿಗಳ ನಡುವಿನವು ಎಂಬುದು ಕಂಡುಬಂದಿತು.

ಇದರ ಅರ್ಥವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರಾಗಿಯೇ ಇರುತ್ತಾರೆ. ವಿರಳವಾದ ದುರ್ಬಲ ರೋಗಗಳ ಸಂಭವ ಮಾತ್ರ ಏರುತ್ತದೆ. ಸಂಬಂಧದ ಹೊರಗೆ ಮದುವೆಯಾದವರ ಮಕ್ಕಳಲ್ಲಿಯೂ ಈ ರೋಗಗಳು ಬರಬಹುದು. ಸಮಾಜದಲ್ಲಿ ಇಂತಹ ಮಗುವಿನ ತಾಯಿಯನ್ನು ಮಾತ್ರ ದೂಷಿಸುವ ಪ್ರವೃತ್ತಿ ಇದೆ. ಆದರೆ ದುರ್ಬಲ ರೋಗದಲ್ಲಿ ತಂದೆಯ ಪಾಲು ತಾಯಿಯ ಪಾಲಿನಷ್ಟೇ ಇರುತ್ತದೆ.

ಪತ್ತೆಯಾಗುವ ಕೆಲವು ರೋಗಗಳು

ಮೇಪಲ್ ಸಿರಪ್ ಮೂತ್ರರೋಗ: ಇದರಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಕವಲು ಸರಪಳಿಯ ಅಮೈನೊ ಆಮ್ಲಗಳು ಒಡೆಯುವುದಿಲ್ಲ. ತೀವ್ರ ರೂಪದಲ್ಲಿ ಹುಟ್ಟಿದಾಗ ಚೆನ್ನಾಗಿದ್ದ ಶಿಶುವು ಮೊದಲ ವಾರದಲ್ಲಿಯೇ ಹಾಲು ಬಿಟ್ಟು, ಮಂಕಾಗಿ, ಸೆಟೆದು ಪ್ರಜ್ಞೆ ತಪ್ಪಬಹುದು. ಮೂತ್ರಕ್ಕೆ ಸುಟ್ಟ ಸಕ್ಕರೆಯಂತಹ ವಾಸನೆ ಇರುತ್ತದೆ. ಮೆಂತ್ಯಕ್ಕೆ ಅದರ ವಿಶಿಷ್ಟ ವಾಸನೆ ಕೊಡುವ ಸೊಟೊಲೋನ್ ಎಂಬ ಅಣುವೇ ಇಲ್ಲಿಯೂ ಕಾಣಿಸುತ್ತದೆ. ಆದಕಾರಣ ಹೆರಿಗೆಯ ವೇಳೆಯಲ್ಲಿ ಮೆಂತ್ಯ ಸೇವಿಸಿದ ತಾಯಿಯ ಆರೋಗ್ಯವಂತ ಶಿಶುವಿನ ಮೂತ್ರಕ್ಕೂ ಇದೇ ವಾಸನೆ ಬರಬಹುದು. ಬಾಣಂತಿಯರಿಗೆ ಮೆಂತ್ಯದ ತಿನಿಸುಗಳನ್ನು ಕೊಡುವ ನಾಡಿನಲ್ಲಿ ವಾಸನೆಯೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ರಕ್ತದ ಅಮೈನೊ ಆಮ್ಲಗಳ ಚಿತ್ರಣವೇ ನಿರ್ಣಾಯಕ.

ಸಾವಯವ ಆಮ್ಲ ದೋಷಗಳು: ಪ್ರೊಪಿಯಾನಿಕ್, ಮಿಥೈಲ್‌ಮಲೋನಿಕ್ ಮತ್ತು ಐಸೊವಲೆರಿಕ್ ಅಸಿಡೀಮಿಯಗಳು ಈ ಗುಂಪಿಗೆ ಸೇರುತ್ತವೆ. ರಕ್ತವು ಆಮ್ಲೀಯವಾಗುವುದು ಮತ್ತು ಅಮೋನಿಯ ಏರುವುದು ಇವುಗಳ ಅಪಾಯ. ಲಕ್ಷಣಗಳು ರಕ್ತದ ಸೋಂಕನ್ನು ಬಹಳಮಟ್ಟಿಗೆ ಹೋಲುತ್ತವೆ. ಸೋಂಕಿಗೆಂದು ಚಿಕಿತ್ಸೆ ನಡೆಯುತ್ತಿರುವಾಗಲೇ ಶಿಶು ತೀರಿಕೊಂಡು, ನಿಜವಾದ ಕಾರಣ ತಿಳಿಯದೆ ಉಳಿಯುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಸ್ವಲ್ಪ ಮೂತ್ರವನ್ನೂ ಸೋಸುಕಾಗದದ ಮೇಲೆ ಒಣಗಿಸಿದ ರಕ್ತವನ್ನೂ ಕಾದಿರಿಸಿದರೆ ಅನಂತರವಾದರೂ ರೋಗವನ್ನು ಗುರುತಿಸಿ, ಮುಂದಿನ ಗರ್ಭದ ವಿಷಯದಲ್ಲಿ ತಂದೆತಾಯಿಗಳಿಗೆ ಸಲಹೆ ನೀಡಬಹುದು.

ಕೊಬ್ಬಿನ ಆಮ್ಲಗಳ ದೋಷಗಳು: ಮಧ್ಯಮ ಸರಪಳಿಯ ಕೊಬ್ಬಿನ ಆಮ್ಲವನ್ನು ಒಡೆಯುವ ಕಿಣ್ವದ ಕೊರತೆಯಿರುವ ಮಗುವು ನೋಡಲು ಆರೋಗ್ಯವಾಗಿರುತ್ತದೆ. ಜ್ವರ ಬಂದು ಊಟ ಬಿಟ್ಟಾಗ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಕುಸಿದು ಪ್ರಾಣಾಪಾಯ ಒದಗಬಹುದು. ರೋಗ ತಿಳಿದಿದ್ದರೆ ಮುಖ್ಯ ಚಿಕಿತ್ಸೆ ಸರಳ: ಮಗುವನ್ನು ಹೆಚ್ಚು ಹೊತ್ತು ಉಪವಾಸವಿರಿಸದಿರುವುದು, ಕಾಯಿಲೆ ಬಿದ್ದಾಗ ತಡಮಾಡದೆ ಗ್ಲುಕೋಸ್ ಕೊಡಿಸುವುದು.

ಜೀವಸತ್ವಗಳಿಂದ ಸುಧಾರಿಸುವ ರೋಗಗಳು: ಬಯೋಟಿನಿಡೇಸ್ ಕೊರತೆಯನ್ನು ಬಯೋಟಿನ್ ಎಂಬ ಬಿ ಗುಂಪಿನ ಜೀವಸತ್ವದಿಂದ ಹತೋಟಿಯಲ್ಲಿಡಬಹುದು. ಹೋಮೊಸಿಸ್ಟಿನ್ಯೂರಿಯದ ಕೆಲವು ರೋಗಿಗಳಿಗೆ ಬಿ6, ಮಿಥೈಲ್‌ಮಲೋನಿಕ್ ಅಸಿಡೀಮಿಯದ ಕೆಲವರಿಗೆ ಬಿ12 ಉಪಕಾರಿ.

ಇತರ ರೋಗಗಳಲ್ಲಿ

2011ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಮಾದರಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಕವಲು ಸರಪಳಿಯ ಮೂರು ಅಮೈನೊ ಆಮ್ಲಗಳು ಹಾಗೂ ಟೈರೋಸೀನ್, ಫಿನೈಲ್‌ಅಲನೀನ್‌ಗಳ ಹೆಚ್ಚಿನ ಪ್ರಮಾಣವು ಮುಂದೆ ಬರಬಹುದಾದ ಮಧುಮೇಹವನ್ನು ಹಲವು ವರ್ಷಗಳ ಮೊದಲೇ ಸೂಚಿಸುತ್ತದೆಂದು ವರದಿ ಮಾಡಿದರು. ಅದೇ ವರ್ಷ, ಕರುಳಿನ ಬ್ಯಾಕ್ಟೀರಿಯಗಳ ಕ್ರಿಯೆಯಿಂದ ಆಗುವ ಟಿಎಂಎಒ ಎಂಬ ಅಣುವಿಗೂ ಹೃದ್ರೋಗಕ್ಕೂ ನಂಟಿದೆಯೆಂಬ ಅಧ್ಯಯನ ಪ್ರಕಟವಾಯಿತು. ಮಿದುಳಿನ ಕೆಲವು ಗಡ್ಡೆಗಳಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಅಣು ಶೇಖರವಾಗುವುದು 2009ರಲ್ಲಿ ತಿಳಿದುಬಂದಿದ್ದು, ಕಾಂತೀಯ ಅನುರಣನ ಯಂತ್ರದಿಂದ ಅದನ್ನು ಹೊರಗಿನಿಂದಲೇ ಅಳೆಯುವ ಪ್ರಯತ್ನಗಳು ನಡೆದಿವೆ.

ಎಲ್ಲ ಭರವಸೆಗಳೂ ಈಡೇರಿಲ್ಲ. 2009ರಲ್ಲಿ ಸಾರ್ಕೊಸಿನ್ ಎಂಬ ಅಣುವು ಪ್ರಾಸ್ಟೇಟ್ ಕ್ಯಾನ್ಸರಿನ ಸೂಚಕವೆಂದು ಪ್ರಕಟವಾದ ಸಂಶೋಧನೆ ಬಹಳ ಗಮನ ಸೆಳೆಯಿತು. ಅನಂತರದ ಹಲವು ಅಧ್ಯಯನಗಳಲ್ಲಿ ಅದೇ ಫಲಿತಾಂಶ ಸಿಗಲಿಲ್ಲ. ಒಂದು ಪ್ರಯೋಗಾಲಯದಲ್ಲಿ, ಒಂದು ಗುಂಪಿನ ರೋಗಿಗಳಲ್ಲಿ ಕಂಡ ವ್ಯತ್ಯಾಸವು ಬೇರೆ ಆಹಾರ, ವಯಸ್ಸು, ಔಷಧಗಳಿರುವ ಜನರಲ್ಲಿಯೂ ಕಾಣಬೇಕಾದುದು ಅಗತ್ಯ.

ಮಿತಿಗಳು

ತಪಾಸಣೆಯ ಫಲಿತಾಂಶವೂ ರೋಗನಿರ್ಣಯವೂ ಒಂದೇ ಅಲ್ಲ. ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ರೋಗವೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಪರೀಕ್ಷೆಯು ಯಾವ ರೋಗಿಯನ್ನೂ ಬಿಡದೆ ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಸಾವಿರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ರೋಗಿಯೆಂದು ತೋರಿಸುತ್ತದೆ ಎಂದಿಟ್ಟುಕೊಂಡರೆ, ಒಂದು ಲಕ್ಷ ಶಿಶುಗಳಲ್ಲಿ 10 ನಿಜವಾದ ರೋಗಿಗಳ ಜೊತೆಗೆ ಸುಮಾರು 100 ಹುಸಿ ಎಚ್ಚರಿಕೆಗಳು ಬರುತ್ತವೆ. ಅಂದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹನ್ನೊಂದು ಶಿಶುಗಳಲ್ಲಿ ಹತ್ತಕ್ಕೆ ರೋಗವೇ ಇರುವುದಿಲ್ಲ. ಆದ್ದರಿಂದ ಮೊದಲ ವರದಿಯ ನಂತರ ಮರುಪರೀಕ್ಷೆ, ಸಾವಯವ ಆಮ್ಲಗಳ ಪರೀಕ್ಷೆ, ಕಿಣ್ವದ ಅಥವಾ ಜೀನಿನ ಪರೀಕ್ಷೆಯಿಂದ ರೋಗವನ್ನು ಖಚಿತಪಡಿಸಿಕೊಳ್ಳುತ್ತಾರೆ.

ಹುಸಿ ಎಚ್ಚರಿಕೆಗೆ ಕಾರಣಗಳು ಹಲವು: ಅವಧಿಪೂರ್ವ ಜನನ, ರಕ್ತನಾಳದ ಮೂಲಕ ಕೊಡುವ ಅಮೈನೊ ಆಮ್ಲಗಳ ಪೋಷಣೆ, ಪಿವಲೇಟ್ ಅಂಶವಿರುವ ಕೆಲವು ಪ್ರತಿಜೈವಿಕಗಳು, ಸರಿಯಾಗಿ ಒಣಗದ ಅಥವಾ ಬಿಸಿಲಿಗೆ ಕಾದ ರಕ್ತದ ಕಾಗದ. ಭಾರತದಲ್ಲಿ ಇನ್ನೊಂದು ಕಾರಣಕ್ಕೂ ಗಮನ ಕೊಡಬೇಕಾಗುತ್ತದೆ. ಬಿ12 ಜೀವಸತ್ವದ ಕೊರತೆಯಿರುವ ತಾಯಿಯ ಶಿಶುವಿನಲ್ಲಿ ಪ್ರೊಪಿಯೊನಿಲ್‌ಕಾರ್ನಿಟೀನ್ ಮತ್ತು ಮಿಥೈಲ್‌ಮಲೋನಿಕ್ ಆಮ್ಲಗಳು ಏರಿ, ವಂಶಪಾರಂಪರ್ಯ ರೋಗದಂತೆಯೇ ತೋರಬಹುದು. ಮಾಂಸ, ಮೊಟ್ಟೆ ಸೇವಿಸದ ಹಾಗೂ ಹಾಲು ಕಡಿಮೆ ಬಳಸುವ ಕುಟುಂಬಗಳಲ್ಲಿ ಈ ಕೊರತೆ ಸಾಮಾನ್ಯ. ಇದಕ್ಕೆ ಚಿಕಿತ್ಸೆ ಸುಲಭವಾದ್ದರಿಂದ ಇಂತಹ ಎಚ್ಚರಿಕೆಯೂ ವ್ಯರ್ಥವಲ್ಲ. ತಾಯಿ ಮಗು ಇಬ್ಬರ ಕೊರತೆಯೂ ಇದರಿಂದ ಬೆಳಕಿಗೆ ಬರುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ. ತೀರ ಬೇಗನೆ ಮಾದರಿ ತೆಗೆದರೆ ಅಥವಾ ರಕ್ತ ಪೂರಣದ ನಂತರ ತೆಗೆದರೆ ಕೆಲವು ರೋಗಗಳು ಮರೆಯಾಗಬಹುದು. ಹೆರಿಗೆಯಾದ ಮರುದಿನವೇ ತಾಯಿಯನ್ನು ಮನೆಗೆ ಕಳುಹಿಸುವ ಕಡೆ ಸರಿಯಾದ ಸಮಯವನ್ನು ಪಾಲಿಸುವುದು ಕಷ್ಟ. ಇನ್ನು ವರದಿಯ ವಿಳಂಬವಂತೂ ಪರೀಕ್ಷೆಯ ಉದ್ದೇಶವನ್ನೇ ಕೆಡಿಸುತ್ತದೆ. ಮೊದಲ ವಾರದಲ್ಲಿ ಪ್ರಾಣಕ್ಕೆ ಎರವಾಗುವ ರೋಗದ ವರದಿ ಎರಡನೆಯ ವಾರದಲ್ಲಿ ಬಂದರೆ ಅದರಿಂದ ಆ ಶಿಶುವಿಗೆ ಪ್ರಯೋಜನವಿಲ್ಲ.

ಚಿಕಿತ್ಸೆ ಮತ್ತು ಸಾರ್ವಜನಿಕ ನೀತಿ

ಅಮೈನೊ ಆಮ್ಲ ಮತ್ತು ಸಾವಯವ ಆಮ್ಲ ದೋಷಗಳಿಗೆ ಮುಖ್ಯ ಚಿಕಿತ್ಸೆ ಪಥ್ಯ. ಬೇಳೆ, ಹಾಲು, ಧಾನ್ಯಗಳಲ್ಲಿನ ಸಾಮಾನ್ಯ ಪ್ರೋಟೀನನ್ನು ಅಳೆದು ಕೊಟ್ಟು, ಹಾನಿಕಾರಕ ಅಮೈನೊ ಆಮ್ಲವನ್ನು ಹೊರತುಪಡಿಸಿ ತಯಾರಿಸಿದ ವಿಶೇಷ ಪುಡಿಯಿಂದ ಉಳಿದ ಪೋಷಣೆಯನ್ನು ಒದಗಿಸುತ್ತಾರೆ. ಈ ಪುಡಿ ದುಬಾರಿಯಾದುದು, ಮತ್ತು ಪಥ್ಯವನ್ನು ಹಲವು ರೋಗಗಳಲ್ಲಿ ಜೀವನಪೂರ್ತಿ ಪಾಲಿಸಬೇಕು. ಆದ್ದರಿಂದ ರೋಗದ ಪತ್ತೆಯೊಂದರಿಂದಲೇ ಮಗು ಉಳಿಯುವುದಿಲ್ಲ. ಪಥ್ಯದ ನಿರಂತರ ಪೂರೈಕೆಯೂ ಬೇಕು.

ಭಾರತ ಸರ್ಕಾರವು 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಅದರಲ್ಲಿ ರೋಗಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿದೆ. ವಿಶೇಷ ಪಥ್ಯದಿಂದ ಹತೋಟಿಗೆ ಬರುವ ಫಿನೈಲ್‌ಕೀಟೊನ್ಯೂರಿಯ, ಮೇಪಲ್ ಸಿರಪ್ ಮೂತ್ರರೋಗ ಮೊದಲಾದವು ಎರಡನೆಯ ಗುಂಪಿನಲ್ಲಿವೆ. 2022ರ ತಿದ್ದುಪಡಿಯ ಪ್ರಕಾರ ಯಾವುದೇ ಗುಂಪಿನ ರೋಗಿಗೆ ನಿಗದಿತ ಉತ್ಕೃಷ್ಟತಾ ಕೇಂದ್ರದ ಮೂಲಕ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯಬಹುದು. ಕರ್ನಾಟಕದಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಆಸ್ಪತ್ರೆ ಜಂಟಿಯಾಗಿ ಇಂತಹ ಕೇಂದ್ರವಾಗಿವೆ.

ಅಮೆರಿಕ, ಯುರೋಪಿನ ಅನೇಕ ದೇಶಗಳು ಹಾಗೂ ಜಪಾನಿನಲ್ಲಿ ಹುಟ್ಟಿದ ಶಿಶುಗಳಿಗೆ ವ್ಯವಸ್ಥಿತ ತಪಾಸಣೆ ದಶಕಗಳಿಂದ ನಡೆದುಬಂದಿದೆ. ಭಾರತದಲ್ಲಿ ಎಲ್ಲ ನವಜಾತ ಶಿಶುಗಳಿಗೂ ಅನ್ವಯವಾಗುವ ರಾಷ್ಟ್ರವ್ಯಾಪಿ ಚಯಾಪಚಯ ತಪಾಸಣೆ ಜಾರಿಯಲ್ಲಿಲ್ಲ. ಕೆಲವು ರಾಜ್ಯಗಳು ಆಯ್ದ ರೋಗಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ನಡೆಸಿವೆ. ಖಾಸಗಿ ಆಸ್ಪತ್ರೆಗಳಲ್ಲಿ ಇದು ಸಾಮಾನ್ಯವಾಗಿ ತಂದೆತಾಯಿಗಳು ಹಣ ತೆತ್ತು ಪಡೆಯುವ ಪರೀಕ್ಷೆ. ಹೀಗಾಗಿ 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಯೋಗವು ಎತ್ತಿದ ಪ್ರಶ್ನೆ, ಅಂದರೆ ಹುಟ್ಟಿದ ಪ್ರತಿಯೊಂದು ಮಗುವಿಗೂ ಕೆಲವು ಹನಿ ರಕ್ತದ ಈ ಪರೀಕ್ಷೆ ದೊರೆಯುವುದು ಹೇಗೆ ಎಂಬುದು, ಇಂದಿಗೂ ಸಾರ್ವಜನಿಕ ಆರೋಗ್ಯದ ಮುಂದಿದೆ.

ಇವನ್ನೂ ನೋಡಿ

ಚಯಾಪಚಯ
ಅಮೈನೊ ಆಮ್ಲ
ಕಿಣ್ವ
ಕ್ರೊಮ್ಯಾಟೋಗ್ರಫಿ
ಭಾರತೀಯ ವಿಜ್ಞಾನ ಸಂಸ್ಥೆ
ನಿಮ್ಹಾನ್ಸ್